ಮೆಡೋ ಬ್ರೂಕ್‌ನ ಹಳೇ ಕಾರುಗಳ ಪ್ರದರ್ಶನ ಊರು ಬಿಟ್ಟಿದ್ದೇಕೆ?

ಪ್ರಶ್ನೆ: ನಾನು ಇಪ್ಪತ್ತು ವರ್ಷಗಳಿಂದ ಅಮೆರಿಕದ ಮಿಶಿಗನ್ ರಾಜ್ಯದ ರಾಚೆಸ್ಟರ್ ಹಿಲ್ಸ್‌ನಲ್ಲಿದ್ದೇನೆ. ಬಂದ ಹೊಸದರಲ್ಲಿ ಪ್ರತಿ ಬೇಸಗೆಯಲ್ಲೂ ನಮ್ಮೂರಿನ ಮೆಡೋ ಬ್ರೂಕ್ ಬಂಗಲೆಯ ಆವರಣದಲ್ಲಿ ನಡೆಯುತ್ತಿದ್ದ ಹಳೇ ಕಾರುಗಳ ಪ್ರದರ್ಶನಕ್ಕೆ ಮಕ್ಕಳನ್ನು ಕರೆದುಕೊಂಡು ಹೋಗುತ್ತಿದ್ದೆ. 2011ರಲ್ಲಿ ಅದು ಪ್ಲಿಮತ್‌ಗೆ ಹೋಯಿತು, 2022ರಲ್ಲಿ ಡೆಟ್ರಾಯಿಟ್‌ಗೆ. ಮೂವತ್ತು ವರ್ಷ ಒಂದೇ ಊರಲ್ಲಿ ನಡೆದದ್ದು ಹೀಗೆ ಎದ್ದು ಹೋಗುವುದೇಕೆ? ಬರೀ ದುಡ್ಡಿನ ವಿಷಯವೇ? ಊರಿನವರು ತಡೆಯಬಹುದಿತ್ತೇ? ಇನ್ನೊಂದು ವಿಷಯ. ಮೈಸೂರಿನಲ್ಲಿರುವ ನನ್ನ ಅಣ್ಣ ಮತ್ತು ಅವರ ಗೆಳೆಯರು ಒಂದು ಕಾಲೇಜಿನ ಮೈದಾನದಲ್ಲಿ ವರ್ಷಕ್ಕೊಮ್ಮೆ ಇಂಥದೇ ಪ್ರದರ್ಶನ ಶುರುಮಾಡಬೇಕು ಅಂತಿದ್ದಾರೆ. ಅಣ್ಣನ ಹತ್ತಿರ 1951ರ ಡಾಡ್ಜ್ ಕಿಂಗ್ಸ್‌ವೇ ಇದೆ. ಅವರು ಮೊದಲೇ ಏನೇನು ನೋಡಿಕೊಳ್ಳಬೇಕು?

ಉತ್ತರ: ದುಡ್ಡಿನ ವಿಷಯ ಇದ್ದೇ ಇದೆ. ಆದರೆ ಅಲ್ಲಿಂದ ಶುರುಮಾಡಿದರೆ ಪೂರ್ತಿ ಉತ್ತರ ಸಿಗುವುದಿಲ್ಲ. ಒಂದು ಪ್ರದರ್ಶನ ಊರಲ್ಲಿ ನಿಲ್ಲುತ್ತದೋ ಇಲ್ಲವೋ ಎಂದು ತಿಳಿಯಬೇಕಾದರೆ ನಾನು ಮೂರು ಪ್ರಶ್ನೆ ಕೇಳುತ್ತೇನೆ: ಕಾರು ನಿಲ್ಲುವ ನೆಲ ಯಾರದು, ಪ್ರದರ್ಶನದ ಹೆಸರು ಯಾರದು, ಬೆಳಗಿನ ಜಾವ ನಾಲ್ಕು ಗಂಟೆಗೆ ಬಂದು ಹಗ್ಗ ಕಟ್ಟಿ ಸುಣ್ಣದ ಗೆರೆ ಎಳೆಯುವವರು ಯಾರು. ಈ ಮೂರೂ ಒಂದೇ ಕಡೆ ಇದ್ದರೆ ಪ್ರದರ್ಶನ ಸುಲಭಕ್ಕೆ ಅಲುಗುವುದಿಲ್ಲ. ಮೂರು ಮೂರು ಕಡೆ ಇದ್ದರೆ, ಜನಕ್ಕೆ ಎಷ್ಟೇ ಪ್ರೀತಿ ಇರಲಿ, ಇವತ್ತಲ್ಲ ನಾಳೆ ಹೊರಡುತ್ತದೆ.

ಮೆಡೋ ಬ್ರೂಕ್‌ನ ಸಂಗತಿಯಲ್ಲಿ ನನಗೆ ಬೇಸರ ಹೆಚ್ಚು. ಯಾಕೆಂದರೆ ಹಳೇ ಕಾರುಗಳಿಗೆ ಅದಕ್ಕಿಂತ ಒಪ್ಪುವ ಅಂಗಳ ಅಮೆರಿಕದಲ್ಲೇ ಅಪರೂಪ. ಆ ಬಂಗಲೆ ಎದ್ದಿದ್ದೇ ಕಾರಿನ ದುಡ್ಡಿನಿಂದ. ಜಾನ್ ಡಾಡ್ಜ್ ಮತ್ತು ಹೊರೇಸ್ ಡಾಡ್ಜ್ ಎಂಬ ಅಣ್ಣತಮ್ಮಂದಿರು 1903ರಿಂದ ಹೆನ್ರಿ ಫೋರ್ಡ್‌ಗೆ ಎಂಜಿನ್, ಗೇರ್‌ಬಾಕ್ಸ್ ಮಾಡಿಕೊಡುತ್ತಿದ್ದವರು. ಫೋರ್ಡ್ ಕಂಪನಿಯಲ್ಲಿ ಅವರಿಗೆ ನೂರಕ್ಕೆ ಹತ್ತು ಪಾಲು ಇತ್ತು. 1914ರ ಕೊನೆಯಲ್ಲಿ ತಮ್ಮದೇ ಕಾರು ತಂದರು. ಆರು ವರ್ಷಕ್ಕೆ, 1920ರಲ್ಲಿ, ಒಂದೇ ವರ್ಷದೊಳಗೆ ಇಬ್ಬರೂ ತೀರಿಕೊಂಡರು. 1925ರಲ್ಲಿ ಅವರ ಹೆಂಡಂದಿರು ಕಂಪನಿಯನ್ನು ಡಿಲನ್ ರೀಡ್ ಎಂಬ ಹಣಕಾಸು ಸಂಸ್ಥೆಗೆ 14.6 ಕೋಟಿ ಡಾಲರ್‌ಗೆ ಮಾರಿದರು. ಜಾನ್ ಅವರ ಪತ್ನಿ ಮಟಿಲ್ಡಾ, ಮರದ ವ್ಯಾಪಾರಿ ಆಲ್‌ಫ್ರೆಡ್ ವಿಲ್ಸನ್ ಅವರನ್ನು ಮರುಮದುವೆಯಾಗಿ, 1926ರಿಂದ 1929ರ ನಡುವೆ ಈ ಬಂಗಲೆ ಕಟ್ಟಿಸಿದರು. ನೂರಾ ಹತ್ತು ಕೋಣೆ, ಸುಮಾರು 40 ಲಕ್ಷ ಡಾಲರ್ ಖರ್ಚು. 1957ರಲ್ಲಿ ಸಾವಿರದ ನಾನ್ನೂರು ಎಕರೆಗೂ ಹೆಚ್ಚಿನ ಆ ಜಮೀನನ್ನೂ ಜೊತೆಗೆ 20 ಲಕ್ಷ ಡಾಲರನ್ನೂ ಕಾಲೇಜು ಕಟ್ಟಲು ದಾನ ಕೊಟ್ಟರು. ಇವತ್ತಿನ ಓಕ್‌ಲ್ಯಾಂಡ್ ವಿಶ್ವವಿದ್ಯಾಲಯ ಬೆಳೆದಿದ್ದು ಅದರಿಂದ.

1979ರಲ್ಲಿ ಅಲ್ಲಿ ಪ್ರದರ್ಶನ ಶುರುವಾಯಿತು. ಅದರಿಂದ ಬರುವ ಹಣ ಬಂಗಲೆಯ ನಿರ್ವಹಣೆಗೂ ಒದಗುತ್ತಿತ್ತು. ಅಂದರೆ ಕಾರಿನ ದುಡ್ಡಿನಲ್ಲಿ ಎದ್ದ ಮನೆಯನ್ನು ಕಾರುಗಳೇ ಉಳಿಸಿಕೊಂಡು ಬರುತ್ತಿದ್ದವು. ಡಾಡ್ಜ್ ಅಂದರೆ ನಮ್ಮವರಿಗೂ ಹೊಸದಲ್ಲ. ಮುಂಬೈನ ಕುರ್ಲಾದಲ್ಲಿ ಪ್ರೀಮಿಯರ್ ಕಂಪನಿ ಜೋಡಿಸಿದ ಡಾಡ್ಜ್ ಕಾರು, ಡಾಡ್ಜ್ ಮತ್ತು ಫಾರ್ಗೋ ಲಾರಿಗಳು ನಮ್ಮ ಹಿಂದಿನ ತಲೆಮಾರಿನ ಬಾಯಲ್ಲಿ ಮನೆಮಾತಾಗಿದ್ದವು. ನಿಮ್ಮ ಅಣ್ಣನ ಕಿಂಗ್ಸ್‌ವೇ ಕೂಡ ಆ ಬಳಗದ್ದೇ. ನೀವು ರಾಚೆಸ್ಟರ್ ಹಿಲ್ಸ್‌ನಲ್ಲಿ, ಅವರು ಮೈಸೂರಿನಲ್ಲಿ, ಇಬ್ಬರೂ ಅದೇ ಜಾನ್ ಡಾಡ್ಜ್‌ಗೆ ನೆಂಟರು ಎಂದರೂ ತಪ್ಪಿಲ್ಲ.

ಹಾಗಾದರೆ ಬಿಟ್ಟಿದ್ದೇಕೆ? ನೋಡುವವರ ಕಣ್ಣಿಗೆ ಬೀಳುವುದು ಹುಲ್ಲಿನ ಮೇಲೆ ಸಾಲಾಗಿ ನಿಂತ ಕಾರು. ನಡೆಸುವವರ ಕಣ್ಣಿಗೆ ಬೀಳುವುದು ಆ ಕಾರುಗಳು ಬಂದ ಟ್ರೇಲರ್. ಲೆಕ್ಕ ಹಾಕಿ ನೋಡಿ. ಕಾರನ್ನು ಒಳಗೆ ಮುಚ್ಚಿ ತರುವ ಟ್ರೇಲರ್, ಅದನ್ನು ಎಳೆಯುವ ಪಿಕಪ್, ಎರಡೂ ಸೇರಿದರೆ ಹದಿನೈದು ಮೀಟರ್ ಉದ್ದ. ನಿಲ್ಲಲು, ತಿರುಗಲು ಸೇರಿ ಒಂದಕ್ಕೆ ನೂರಿಪ್ಪತ್ತು ಚದರ ಮೀಟರ್ ಬೇಕು. ಇನ್ನೂರೈವತ್ತು ಕಾರು ಬಂದರೆ ಟ್ರೇಲರ್‌ಗಳಿಗೇ ಏಳು ಎಕರೆ ದಾಟುತ್ತದೆ. ಅದೂ ಮಳೆ ಬಂದರೆ ಚಕ್ರ ಹೂತುಹೋಗದ ಗಟ್ಟಿ ನೆಲವಾಗಬೇಕು. ಆಮೇಲೆ ಸಾವಿರಾರು ಜನರ ಕಾರುಗಳಿಗೆ ಜಾಗ, ಮಾಲೀಕರಿಗೆ ಹೋಟೆಲ್, ಶನಿವಾರ ರಾತ್ರಿಯ ಔತಣಕ್ಕೆ ದೊಡ್ಡ ಹಾಲ್, ಹರಾಜಿಗೆ ಪೆಂಡಾಲು. ಮೆಡೋ ಬ್ರೂಕ್‌ನಲ್ಲಿ ಬಂಗಲೆ ಇತ್ತು, ಗಾಲ್ಫ್ ಮೈದಾನ ಇತ್ತು, ಅಂದ ಇತ್ತು. ಅತಿಥಿಗಳು ಉಳಿಯಲು ಮಾತ್ರ ಹೊರಗೆ ಹೋಗಬೇಕಿತ್ತು.

ಹುಲ್ಲಿನ ಕಥೆಯನ್ನೂ ಹೇಳಬೇಕು, ಏಕೆಂದರೆ ಎಷ್ಟೋ ಊರುಗಳಲ್ಲಿ ಮೈದಾನದ ಮಾಲೀಕರಿಗೂ ಪ್ರದರ್ಶನದವರಿಗೂ ಮನಸ್ತಾಪ ಹುಟ್ಟುವುದೇ ಅಲ್ಲಿ. ಇಂಥ ಪ್ರದರ್ಶನಗಳಲ್ಲಿ ಸೂರ್ಯ ಹುಟ್ಟುವ ಮೊದಲೇ ಕಾರುಗಳನ್ನು ಒಂದೊಂದಾಗಿ ಮೈದಾನಕ್ಕೆ ಬಿಡುತ್ತಾರೆ. ಇಬ್ಬನಿಗೆ ಹುಲ್ಲು ನೆನೆದಿರುತ್ತದೆ. ಡ್ಯೂಸೆನ್‌ಬರ್ಗ್ ಎಂಬ ಆ ಕಾಲದ ಅಮೆರಿಕದ ದುಬಾರಿ ಕಾರು ಎರಡು ಟನ್‌ಗೂ ಹೆಚ್ಚು ತೂಗುತ್ತದೆ. ಅದು ತಿರುವಿನಲ್ಲಿ ಸ್ವಲ್ಪ ತಡೆದು ಎಕ್ಸಿಲರೇಟರ್ ಒತ್ತಿದರೆ ಸಾಕು, ಹಿಂದಿನ ಚಕ್ರ ಹುಲ್ಲನ್ನು ಸುಲಿದು ಹಾಕುತ್ತದೆ. ಇನ್ನು ಎಣ್ಣೆ. ಆ ಕಾಲದ ಎಷ್ಟೋ ಎಂಜಿನ್‌ಗಳಲ್ಲಿ ಒಳಗೆ ತಿರುಗುವ ಮುಖ್ಯ ದಂಡದ, ಅಂದರೆ ಕ್ರ್ಯಾಂಕ್‌ಶಾಫ್ಟ್‌ನ, ಹಿಂದಿನ ತುದಿಗೆ ಈಗಿನ ಹಾಗೆ ರಬ್ಬರ್ ಸೀಲ್ ಇಲ್ಲ. ಹಗ್ಗದಂಥ ಪ್ಯಾಕಿಂಗ್ ಇರುತ್ತದೆ, ಇಲ್ಲವೇ ಶಾಫ್ಟ್ ಮೇಲೇ ಕೊರೆದ ಸುರುಳಿ ಗೀರು. ಎಂಜಿನ್ ತಿರುಗುವಾಗ ಆ ಗೀರು ಎಣ್ಣೆಯನ್ನು ಒಳಕ್ಕೆ ತಳ್ಳುತ್ತಿರುತ್ತದೆ. ನಿಂತ ಮೇಲೆ ತಳ್ಳುವವರಿಲ್ಲ, ತೊಟ್ಟಿಕ್ಕಲು ಶುರು. ಎಷ್ಟೇ ಚೆನ್ನಾಗಿ ರಿಪೇರಿ ಮಾಡಿದ ಕಾರಾದರೂ ಇದಕ್ಕೆ ಹೊರತಲ್ಲ. ಕಾರಿನ ಕೆಳಗೆ ತಟ್ಟೆ ಇಡದೆ ಹೋದರೆ ಮರುವಾರ ಅಷ್ಟಗಲ ಹುಲ್ಲು ಒಣಗಿ ಹೋಗಿರುತ್ತದೆ. ಗಾಲ್ಫ್ ಆಡುವವರಿಗೆ ಅದು ಕಣ್ಣಲ್ಲಿ ಕಸ.

ಇದರ ಮೇಲೆ ಕಾಲವೂ ಕೆಟ್ಟಿತ್ತು. 2009ರ ಏಪ್ರಿಲ್ ಕೊನೆಗೆ ಕ್ರೈಸ್ಲರ್, ಜೂನ್ ಒಂದಕ್ಕೆ ಜನರಲ್ ಮೋಟರ್ಸ್ ದಿವಾಳಿ ಅರ್ಜಿ ಹಾಕಿದವು. ಡೆಟ್ರಾಯಿಟ್ ಸುತ್ತಮುತ್ತ ಅನ್ನ ಹುಟ್ಟುವುದೇ ಕಾರಿನಿಂದ. ಆ ಹೊತ್ತಿನಲ್ಲಿ ಕಾರಿನ ಹಬ್ಬ ನಡೆಸುವವರು ತಮ್ಮ ಖರ್ಚುವೆಚ್ಚವನ್ನು ಎರಡೆರಡು ಸಲ ನೋಡಿಕೊಂಡಿದ್ದರೆ ಆಶ್ಚರ್ಯವಿಲ್ಲ. 2010ರ ಪ್ರದರ್ಶನ ಮೆಡೋ ಬ್ರೂಕ್‌ನಲ್ಲಿ ಕೊನೆಯದಾಯಿತು. ಮರುವರ್ಷ ಪ್ಲಿಮತ್‌ನ ಇನ್ ಅಟ್ ಸೇಂಟ್ ಜಾನ್ಸ್‌ಗೆ ಹೋಯಿತು. ಅದು ಹಿಂದೆ ಕ್ಯಾಥೊಲಿಕ್ ಪಾದ್ರಿಗಳನ್ನು ತಯಾರು ಮಾಡುತ್ತಿದ್ದ ಶಾಲೆ. ಆಮೇಲೆ ಹೋಟೆಲ್, ಸಭಾಂಗಣ, ಗಾಲ್ಫ್ ಮೈದಾನ ಎಲ್ಲ ಒಂದೇ ಕಾಂಪೌಂಡಿನಲ್ಲಿರುವ ರೆಸಾರ್ಟ್ ಆಯಿತು. ಮಾಲೀಕರು ಅಲ್ಲೇ ಮಲಗಿ, ಅಲ್ಲೇ ಉಂಡು, ಬೆಳಗ್ಗೆ ಎದ್ದು ಕಾರು ಒರೆಸಬಹುದು. ಜೊತೆಗೆ ನಡೆಯುತ್ತಿದ್ದ, ಆರ್‌ಎಂ ಎಂಬ ಕಂಪನಿಯ ಹಳೇ ಕಾರುಗಳ ಹರಾಜು ಕೂಡ ಹಿಂದೆಯೇ ಹೋಯಿತು. ನಡೆಸುವವರ ಜಾಗದಲ್ಲಿ ನಿಂತು ನೋಡಿದರೆ ಈ ತೀರ್ಮಾನವನ್ನು ನಾನು ದೂರುವುದಿಲ್ಲ.

ಆದರೆ ಹೆಸರನ್ನು ಗಮನಿಸಿ. ಮೆಡೋ ಬ್ರೂಕ್ ಎಂಬುದು ಬಂಗಲೆಯ ಹೆಸರು, ಅದು ಅಲ್ಲೇ ಉಳಿಯಿತು. ಪ್ರದರ್ಶನ ಕಾಂಕೂರ್ ಡೆಲಿಗಾನ್ಸ್ ಆಫ್ ಅಮೆರಿಕ, ಅಂದರೆ ಅಮೆರಿಕದ ಕಾರುಗಳ ಅಂದದ ಸ್ಪರ್ಧೆ, ಎಂಬ ಹೊಸ ಹೆಸರು ಇಟ್ಟುಕೊಂಡಿತು. ಮೂವತ್ತು ವರ್ಷ ಜನರ ಮನಸ್ಸಿನಲ್ಲಿ ಕೂತಿದ್ದ ಹೆಸರು ಬಿಟ್ಟು ಇಡೀ ದೇಶದ ಹೆಸರು ಹಿಡಿದಾಗ, ಯಾವ ಊರಿನದೂ ಅಲ್ಲದ ಒಂದು ಪ್ರದರ್ಶನವಾಯಿತು ಅದು. ಮುಂದಿನ ಸ್ಥಳಾಂತರಕ್ಕೆ ದಾರಿ ಆದದ್ದು ಅಲ್ಲೇ ಎಂಬುದು ನನ್ನ ಅಭಿಪ್ರಾಯ. ಒಮ್ಮೆ ಊರಿನ ಹೆಸರು ಕಳಚಿಕೊಂಡ ಮೇಲೆ ಎರಡನೇ ಸಲ ಹೊರಡುವಾಗ ಕೇಳುವವರು ಕಡಿಮೆ.

2021ರಲ್ಲಿ ಹ್ಯಾಗರ್ಟಿ ಕಂಪನಿ ಇದನ್ನು ಕೊಂಡುಕೊಂಡಿತು. ಇದು ಮಿಶಿಗನ್ನಿನದೇ ಟ್ರಾವರ್ಸ್ ಸಿಟಿಯ ಕಂಪನಿ, ಹಳೇ ಕಾರುಗಳ ವಿಮೆ ಇದರ ಮೂಲ ವ್ಯಾಪಾರ. ಫ್ಲಾರಿಡಾದ ಅಮೀಲಿಯಾ ಐಲೆಂಡ್‌ನ ಹೆಸರಾಂತ ಕಾರು ಪ್ರದರ್ಶನವನ್ನೂ ಅದೇ ವರ್ಷ ತೆಗೆದುಕೊಂಡಿತು. 2022ರ ಸೆಪ್ಟೆಂಬರಿನಲ್ಲಿ ಪ್ರದರ್ಶನ ಡೆಟ್ರಾಯಿಟ್ ನಗರದ ನಡುವಿನ ಕಲಾ ಸಂಗ್ರಹಾಲಯದ ಅಂಗಳಕ್ಕೆ ಬಂತು. ಜಾಗದ ಆಯ್ಕೆ ನಿಜಕ್ಕೂ ದೊಡ್ಡದು. ಆ ಕಟ್ಟಡದ ಒಳಗೆ ಮೆಕ್ಸಿಕೋದ ಡಿಯೇಗೊ ರಿವೇರಾ 1932–33ರಲ್ಲಿ ಬರೆದ 27 ಭಿತ್ತಿಚಿತ್ರಗಳಿವೆ. ಫೋರ್ಡ್‌ನ ರೂಜ್ ಕಾರ್ಖಾನೆಯಲ್ಲಿ ಎಂಜಿನ್ ಎರಕ ಹೊಯ್ಯುವವರು, ಬಾಡಿ ಒತ್ತುವವರು, ಬೆನ್ನು ಬಗ್ಗಿಸಿ ಎಳೆಯುವವರು ಗೋಡೆ ತುಂಬ ಇದ್ದಾರೆ. ಹೊರಗೆ ಹೊಳೆಯುವ ಕಾರು, ಒಳಗೆ ಅಂಥ ಕಾರುಗಳನ್ನು ಮಾಡಿದ ಕೈಗಳು. ಅದೇ ವಾರ ಡೆಟ್ರಾಯಿಟ್‌ನ ದೊಡ್ಡ ಆಟೋ ಶೋ ಕೂಡ ಇತ್ತು. ಅದು ತನ್ನ ಹಳೇ ಜನವರಿ ಕಾಲ ಬಿಟ್ಟು ಸೆಪ್ಟೆಂಬರಿಗೆ ಬಂದಿತ್ತು. ಮುಂದೆ 2025ರಲ್ಲಿ ಆ ಆಟೋ ಶೋ ಜನವರಿಗೇ ವಾಪಸಾಯಿತು. ಇನ್ನೊಬ್ಬರ ಹಬ್ಬದ ದಿನ ನೋಡಿ ನಮ್ಮ ಹಬ್ಬ ಇಟ್ಟುಕೊಂಡರೆ ಬರುವ ತೊಂದರೆ ಇದು.

ಊರಿಗೆ ಆದ ನಷ್ಟ ಏನು ಎಂದು ಕೇಳಿದರೆ ಜನ ಹೋಟೆಲ್ ವ್ಯಾಪಾರ, ತಿಂಡಿ ವ್ಯಾಪಾರ ಹೇಳುತ್ತಾರೆ. ವರ್ಷಕ್ಕೆ ಒಂದು ವಾರಾಂತ್ಯದ ವ್ಯಾಪಾರ ಅಷ್ಟರಲ್ಲೇ ಇರುತ್ತದೆ, ಊರು ಅದರಿಂದ ಬಡವಾಗುವುದಿಲ್ಲ. ನನ್ನನ್ನು ಕಾಡುವ ನಷ್ಟ ಬೇರೆ. ಒಂದೂರಿನಲ್ಲಿ ವರ್ಷ ವರ್ಷ ಪ್ರದರ್ಶನ ನಡೆದರೆ ಅದರ ಸುತ್ತ ಜನ ಬೆಳೆಯುತ್ತಾರೆ. ಕಾರ್ಬ್ಯುರೇಟರ್ ಬಿಚ್ಚಿ ಜೋಡಿಸಬಲ್ಲ ನಿವೃತ್ತ ಮೆಕ್ಯಾನಿಕ್, ಗೇಟಿನಲ್ಲಿ ಟಿಕೆಟ್ ಹರಿಯುತ್ತಾ ಶುರುಮಾಡಿ ಮುಂದೆ ತೀರ್ಪುಗಾರನಾದ ಹುಡುಗ, ತಾತನ ಕಾರನ್ನು ಮಾರದೆ ಷೆಡ್ಡಿನಲ್ಲಿ ಉಳಿಸಿಕೊಂಡ ಮನೆ. ಪ್ರದರ್ಶನ ಅರವತ್ತು ಕಿಲೋಮೀಟರ್ ಆಚೆ ಹೋದರೆ ದೊಡ್ಡ ಕಾರುಗಳ ಮಾಲೀಕರಿಗೆ ಏನೂ ವ್ಯತ್ಯಾಸವಿಲ್ಲ, ಅವರು ಟೆಕ್ಸಾಸ್‌ನಿಂದ ಕ್ಯಾಲಿಫೋರ್ನಿಯಾದಿಂದ ಟ್ರೇಲರಿನಲ್ಲಿ ಬರುವವರು. ಬಿಟ್ಟು ಹೋಗುವವರು ನಡೆದು ಬರುತ್ತಿದ್ದವರು. ನಿಮ್ಮ ಮಕ್ಕಳಂಥವರು.

ಊರು ಬಿಡದ ಪ್ರದರ್ಶನಗಳನ್ನು ನೋಡಿದರೆ ಕಾರಣ ಇನ್ನೂ ಸ್ಪಷ್ಟವಾಗುತ್ತದೆ. ಕ್ಯಾಲಿಫೋರ್ನಿಯಾದ ಪೆಬಲ್ ಬೀಚ್‌ನಲ್ಲಿ 1950ರಲ್ಲಿ ಕಾರು ರೇಸು, ಅದರ ಜೊತೆಗೊಂದು ಪುಟ್ಟ ಪ್ರದರ್ಶನ ಶುರುವಾದವು. ಪೈನ್ ಮರಗಳ ನಡುವಿನ ಕಿರಿದಾದ ರಸ್ತೆಯಲ್ಲಿ ರೇಸು. 1956ರಲ್ಲಿ ಅರ್ನಿ ಮೆಕಫಿ ಎಂಬ ಚಾಲಕರು ಮರಕ್ಕೆ ಗುದ್ದಿ ತೀರಿಕೊಂಡರು. ರೇಸು ನಿಂತಿತು, ಮರುವರ್ಷ ಹತ್ತಿರದ ಲಗೂನಾ ಸೇಕಾದಲ್ಲಿ ಹೊಸ ಟ್ರ್ಯಾಕ್ ಬಂತು. ಮುಖ್ಯವಾಗಿದ್ದ ರೇಸು ಊರು ಬಿಟ್ಟಿತು, ಬಾಲದ ಹಾಗಿದ್ದ ಪ್ರದರ್ಶನ ಉಳಿಯಿತು, ಇವತ್ತು ಲೋಕಕ್ಕೆಲ್ಲ ಅದೇ ಮೇಲ್ಪಂಕ್ತಿ. ಅದಕ್ಕೆ ಕಾರಣ, ಅಲ್ಲಿನ ಹುಲ್ಲುಹಾಸು, ಹೋಟೆಲು, ಗಾಲ್ಫ್ ಮೈದಾನ, ಊರಿನ ಹೆಸರು ಎಲ್ಲ ಒಂದೇ ಕಂಪನಿಯ ಕೈಯಲ್ಲಿವೆ. ಹುಲ್ಲು ಹಾಳಾದರೂ ಅವರದೇ, ಹೆಸರು ಬಂದರೂ ಅವರದೇ.

ಪೆನ್ಸಿಲ್ವೇನಿಯಾದ ಹರ್ಷಿಯದು ಇನ್ನೊಂದು ಬಗೆ. ಅದು ಚಾಕೊಲೇಟ್ ಕಂಪನಿ ಕಟ್ಟಿದ ಊರು. 1935ರಲ್ಲಿ ಫಿಲಡೆಲ್ಫಿಯಾದಲ್ಲಿ ಹುಟ್ಟಿದ ಅಮೆರಿಕದ ಹಳೇ ಕಾರುಗಳ ಕ್ಲಬ್ 1955ರಿಂದ ಪ್ರತಿ ಅಕ್ಟೋಬರಿನಲ್ಲಿ ಅಲ್ಲಿ ಸೇರುತ್ತದೆ. ಪ್ರದರ್ಶನಕ್ಕಿಂತ ಅಲ್ಲಿನ ಬಿಡಿಭಾಗಗಳ ಸಂತೆಯೇ ದೊಡ್ಡದು. ತುಕ್ಕು ಹಿಡಿದ ಹೆಡ್‌ಲೈಟ್ ರಿಂಗು, ಮ್ಯಾಗ್ನೆಟೋ, ನೂರು ವರ್ಷದ ಹಿಂದಿನ ಓನರ್ಸ್ ಮ್ಯಾನ್ಯುವಲ್ ಎಲ್ಲ ನೆಲದ ಮೇಲೆ ಹರಡಿಕೊಂಡು ಕೂತಿರುತ್ತಾರೆ. ಮೊದಲು ಬಯಲು ಪೂರ್ತಿ ಹುಲ್ಲು. ಮಳೆ ಬಿದ್ದರೆ ಮೊಣಕಾಲವರೆಗೂ ಕೆಸರು, ಹರ್ಷಿಯ ಕೆಸರು ಎಂದೇ ಅದಕ್ಕೆ ಹೆಸರು. 2002ರಲ್ಲಿ ದೊಡ್ಡ ಒಳಾಂಗಣ ಕ್ರೀಡಾಂಗಣ ಬಂದಾಗ ಬಯಲಿನ ಬಹುಪಾಲು ಡಾಂಬರಾಯಿತು. ಹಳಬರು ಗೊಣಗಿದರು, ಆದರೆ ಸಂತೆ ಅಲ್ಲೇ ಹೊಂದಿಕೊಂಡಿತು. ಯಾಕೆಂದರೆ ಕ್ಲಬ್‌ನ ಕೇಂದ್ರ ಕಚೇರಿ, ಗ್ರಂಥಾಲಯ ಆ ಊರಲ್ಲೇ ಇವೆ. ನಡೆಸುವವರೇ ಊರಿನವರಾದರೆ ನೆಲ ಬದಲಾದರೂ ಪ್ರದರ್ಶನ ಉಳಿಯುತ್ತದೆ.

ರಾಚೆಸ್ಟರಿನವರು ತಡೆಯಬಹುದಿತ್ತೇ? 2010ರಲ್ಲಿ ಸಾಧ್ಯವಿರಲಿಲ್ಲ. ಹೊರಡುವ ಸುದ್ದಿ ಪೇಪರಿನಲ್ಲಿ ಬರುವ ಹೊತ್ತಿಗೆ ಒಪ್ಪಂದ ಮುಗಿದಿರುತ್ತದೆ, ಸಹಿ ಸಂಗ್ರಹಿಸಿ ಮನವಿ ಕೊಟ್ಟರೆ ಪ್ರಯೋಜನವಿಲ್ಲ. ಮಾಡಬೇಕಿದ್ದರೆ ತೊಂಬತ್ತರ ದಶಕದಲ್ಲೇ, ಪ್ರದರ್ಶನ ಮೆರೆಯುತ್ತಿದ್ದಾಗ, ವಿಶ್ವವಿದ್ಯಾಲಯ, ನಗರಸಭೆ, ಪ್ರದರ್ಶನದ ಮಂಡಳಿ ಮೂವರೂ ಕೂತು ದೀರ್ಘಾವಧಿ ಕರಾರು ಮಾಡಿಕೊಳ್ಳಬೇಕಿತ್ತು. ಚೆನ್ನಾಗಿ ನಡೆಯುವಾಗ ಕಾಗದಪತ್ರದ ಮಾತು ಯಾರಿಗೂ ಬೇಕಿರುವುದಿಲ್ಲ. ಈಗ ನೀವು ಮಾಡಬಹುದಾದ್ದು, ಆ ದೊಡ್ಡ ಪ್ರದರ್ಶನ ಮತ್ತೆ ಬರಲಿ ಎಂದು ಕಾಯದೆ, ಊರಲ್ಲಿ ಉಳಿದಿರುವ ಹಳೇ ಕಾರಿನವರನ್ನು ಒಂದು ಭಾನುವಾರ ಬೆಳಗ್ಗೆ ಒಂದು ಕಡೆ ಸೇರಿಸುವುದು. ಬಹುಮಾನ ಬೇಡ, ಹರಾಜು ಬೇಡ. ಮೂವತ್ತು ಕಾರು ಬಂದರೂ ಮಕ್ಕಳಿಗೆ ಬಾನೆಟ್ ಎತ್ತಿ ತೋರಿಸುವವರು ಸಿಗುತ್ತಾರೆ.

ಇನ್ನು ಮೈಸೂರಿನ ವಿಷಯ. ನಿಮ್ಮ ಅಣ್ಣನವರು ಮೊದಲು ನೋಡಬೇಕಾದ್ದು ಕಾಲೇಜಿನ ಒಪ್ಪಿಗೆ ಯಾರ ಬಾಯಿಂದ ಬಂದಿದೆ ಎಂಬುದು. ಪ್ರಿನ್ಸಿಪಾಲರು ಒಳ್ಳೆಯವರು, ಹಳೇ ಕಾರು ಅಂದರೆ ಇಷ್ಟ, ಆಯ್ತು ಮಾಡಿ ಅಂದರು ಅಂತ ಶುರುಮಾಡಿದರೆ, ಅವರು ನಿವೃತ್ತರಾದ ವರ್ಷ ಪ್ರದರ್ಶನವೂ ಬೀದಿಗೆ ಬರುತ್ತದೆ. ಆಡಳಿತ ಮಂಡಳಿಯಿಂದ ಬರಹದಲ್ಲಿ, ಕಡಿಮೆ ಅಂದರೂ ಐದು ವರ್ಷಕ್ಕೆ, ಯಾವ ತಿಂಗಳ ಯಾವ ವಾರ ಎಂಬುದೂ ಸೇರಿ ಪತ್ರ ತೆಗೆದುಕೊಳ್ಳಲಿ. ಹುಲ್ಲು, ಗೋಡೆ, ನೆಲ ಹಾಳಾದರೆ ಸರಿಪಡಿಸುವ ಖರ್ಚು ತಮ್ಮದು ಎಂದು ತಾವೇ ಮುಂದಾಗಿ ಬರೆದುಕೊಡಲಿ. ಪ್ರತಿ ಕಾರಿನಡಿಗೂ ತಗಡಿನ ತಟ್ಟೆ ಇಡುವುದು ಕಡ್ಡಾಯ ಮಾಡಲಿ, ತಟ್ಟೆಯೊಳಗೆ ಒಂದು ಹಿಡಿ ಮರದ ಪುಡಿ ಹಾಕಿದರೆ ಎಣ್ಣೆ ಚೆಲ್ಲುವುದಿಲ್ಲ. ಸಣ್ಣ ಸಂಗತಿ ಅನ್ನಿಸಬಹುದು, ಆದರೆ ಮರುವರ್ಷ ಗೇಟು ತೆರೆಯುವುದೂ ಮುಚ್ಚುವುದೂ ಇದರ ಮೇಲೆಯೇ.

ಹೆಸರಿನಲ್ಲಿ ಮೈಸೂರು ಇರಲಿ, ಕಾಲೇಜಿನ ಹೆಸರು ಬೇಡ, ಪ್ರಾಯೋಜಕರ ಹೆಸರಂತೂ ಬೇಡವೇ ಬೇಡ. ಆ ಹೆಸರನ್ನು ತಮ್ಮ ಸಂಘದ ಹೆಸರಿಗೆ ನೋಂದಾಯಿಸಿಕೊಳ್ಳಲಿ. ಬೇಕಾದರೆ ಊರೊಳಗೇ ಇನ್ನೊಂದು ಮೈದಾನಕ್ಕೆ ಹೋಗಬಹುದು, ಹೆಸರು ಕಳೆದುಕೊಳ್ಳಬೇಕಿಲ್ಲ. ದೆಹಲಿಯಲ್ಲಿ 2011ರಲ್ಲಿ ಶುರುವಾದ 21 ಗನ್ ಸಲ್ಯೂಟ್ ಪ್ರದರ್ಶನ 2023ರ ಜನವರಿಯಲ್ಲಿ ವಡೋದರದ ಲಕ್ಷ್ಮೀ ವಿಲಾಸ ಅರಮನೆಯ ಆವರಣದಲ್ಲಿ ನಡೆಯಿತು. ಹೆಸರು ತನ್ನದೇ ಆದ್ದರಿಂದ ಎಲ್ಲಿ ನಡೆದರೂ ಜನ ಗುರುತು ಹಿಡಿಯುತ್ತಾರೆ. ಮೈಸೂರಿಗೆ ಮತ್ತೊಂದು ಅನುಕೂಲವಿದೆ. ಬೆಂಗಳೂರು–ಮೈಸೂರು ರಸ್ತೆಯಲ್ಲೇ ಧರ್ಮಸ್ಥಳದ ಡಾ. ವೀರೇಂದ್ರ ಹೆಗ್ಗಡೆಯವರ ಪಯಣ ಕಾರು ಸಂಗ್ರಹಾಲಯವಿದೆ. ಅದನ್ನು ನೋಡಲು ಬರುವ ಕುಟುಂಬಗಳು ಪ್ರದರ್ಶನಕ್ಕೂ ಬರುವಂಥವೇ.

ದಿನ ಗೊತ್ತುಮಾಡುವಾಗ ದಸರಾ ಬಿಡಲಿ. ಜನ ಸೇರುತ್ತಾರೆ ನಿಜ, ಆದರೆ ಹೊರಗಿನಿಂದ ಬರುವ ಮಾಲೀಕರಿಗೆ ರೂಮು ಸಿಗುವುದಿಲ್ಲ, ಪೊಲೀಸರಿಗೆ ಬಿಡುವಿರುವುದಿಲ್ಲ. ಡಿಸೆಂಬರ್ ಅಥವಾ ಜನವರಿ ಒಳ್ಳೆಯದು. ಊರಲ್ಲಿ ಮೆರವಣಿಗೆ ಮಾಡುವುದಾದರೆ ಬೆಳಗ್ಗೆ ಆರೂವರೆಗೇ ಹೊರಡಲಿ. ಕಿಂಗ್ಸ್‌ವೇಯಂಥ ಕಾರಿನಲ್ಲಿ ಪೆಟ್ರೋಲ್ ಪಂಪು ಎಂಜಿನ್‌ಗೇ ಅಂಟಿಕೊಂಡಿರುತ್ತದೆ. ಬಿಸಿಲಿನಲ್ಲಿ ಸಿಗ್ನಲ್‌ಗಳಲ್ಲಿ ನಿಂತು ನಿಂತು ಹೋದರೆ ಪೈಪಿನಲ್ಲೇ ಪೆಟ್ರೋಲ್ ಆವಿಯಾಗಿ ಗಾಡಿ ಕೈಕೊಡುತ್ತದೆ. ಆಗ ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ ಹತ್ತು ನಿಮಿಷ ಕಾಯುವುದು ಬಿಟ್ಟು ಬೇರೆ ದಾರಿ ಇಲ್ಲ, ಸೆಲ್ಫ್ ಹೊಡೆದೂ ಹೊಡೆದೂ ಬ್ಯಾಟರಿ ಖಾಲಿ ಮಾಡಿಕೊಳ್ಳಬಾರದು.

ಕೊನೆಗೆ ಕಾಗದಪತ್ರ. 2021ರ ಜುಲೈನಲ್ಲಿ ಬಂದ ಕೇಂದ್ರದ ನಿಯಮದ ಪ್ರಕಾರ ಐವತ್ತು ವರ್ಷ ದಾಟಿದ, ಮೂಲ ರೂಪ ಉಳಿಸಿಕೊಂಡ ಸ್ವಂತ ಬಳಕೆಯ ಕಾರು, ಬೈಕುಗಳನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ಷಾಸಿ, ಬಾಡಿ, ಎಂಜಿನ್‌ನಲ್ಲಿ ದೊಡ್ಡ ಬದಲಾವಣೆ ಆಗಿರಬಾರದು. ಹೊಸ ನೋಂದಣಿಗೆ 20,000 ರೂಪಾಯಿ, ಅವಧಿ ಹತ್ತು ವರ್ಷ, ಆಮೇಲೆ ಮರುನೋಂದಣಿಗೆ 5,000. ಹೀಗೆ ನೋಂದಾಯಿಸಿದ ಗಾಡಿಯನ್ನು ಪ್ರದರ್ಶನ, ರ್‍ಯಾಲಿ, ತಾಂತ್ರಿಕ ಸಂಶೋಧನೆ, ಪೆಟ್ರೋಲ್ ಹಾಕಿಸುವುದು, ರಿಪೇರಿ ಇಷ್ಟಕ್ಕೇ ರಸ್ತೆಗೆ ಇಳಿಸಬಹುದು, ದಿನದ ಓಡಾಟಕ್ಕಲ್ಲ. ಭಾನುವಾರ ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ನಂಜನಗೂಡಿಗೆ ಹೋಗಿಬರುವ ಅಭ್ಯಾಸ ಅಣ್ಣನವರಿಗಿದ್ದರೆ, ಈಗಿರುವ ಸಾಮಾನ್ಯ ನೋಂದಣಿಯನ್ನು ಬಿಡುವ ಮುಂಚೆ ಯೋಚನೆ ಮಾಡಲಿ. ವಿಂಟೇಜ್ ಆಗಿಯೇ ಮಾಡಿಸುವುದಾದರೆ, ಹೊಸದಾಗಿ ನೋಂದಣಿಯಾಗುವ ಗಾಡಿಗಳಿಗೆ ನಂಬರಿನಲ್ಲಿ ‘ವಿಎ’ ಎಂದು ಬರುತ್ತದೆ, ಮೊದಲೇ ನೋಂದಣಿ ಆಗಿರುವ ಗಾಡಿ ತನ್ನ ಹಳೇ ನಂಬರನ್ನೇ ಉಳಿಸಿಕೊಳ್ಳಬಹುದು. ಅವರ ಕಾರಿನ ಮೇಲೆ ಹಳೇ ಮೈಸೂರು ರಾಜ್ಯದ ‘ಎಂವೈ’ ನಂಬರ್ ಇನ್ನೂ ಇದ್ದರೆ, ಆರ್‌ಸಿ ಪುಸ್ತಕದ ಮೂಲ ಪ್ರತಿ ಜೋಪಾನವಾಗಿಟ್ಟುಕೊಂಡು, ಆ ನಂಬರೇ ಇರಲಿ ಎಂದು ಅರ್ಜಿ ಹಾಕುವಾಗಲೇ ಆರ್‌ಟಿಓ ಕಚೇರಿಯಲ್ಲಿ ಹೇಳಲಿ.